12 ಸೆಕೆಂಡಿನಲ್ಲಿ ಊಟ ಖಾಲಿ, ಐದೇ ನಿಮಿಷಕ್ಕೆ ಎಲ್ಲ ಹೊರಗೆ. ಸ್ಲೋ ಬೌಲ್ ದಂಡ!

ಮಂಡ್ಯ_ಮಂಜ:
ಸಾಕಾಗಿ ಹೋಗಿದೆ. ನಮ್ಮ ನಾಯಿ ಟೈಗರ್, ಲ್ಯಾಬ್ರಡಾರ್ (ಲ್ಯಾಬ್) ತಳಿ, 14 ತಿಂಗಳು. ಊಟ ಇಟ್ಟರೆ 12 ಸೆಕೆಂಡ್, ಮೊಬೈಲ್‌ನಲ್ಲಿ ಟೈಮ್ ಹಿಡಿದು ನೋಡಿದ್ದೇನೆ, ಅಷ್ಟರಲ್ಲಿ ಬೇಸಿನ್ ಖಾಲಿ. ಆಮೇಲೆ ಖಾಲಿ ಬೇಸಿನ್ನನ್ನು ನೆಕ್ಕುತ್ತಾ ಜಗಲಿಯಿಂದ ತುಳಸಿಕಟ್ಟೆವರೆಗೆ ತಳ್ಳಿಕೊಂಡು ಹೋಗುತ್ತಾನೆ. ಐದು ನಿಮಿಷಕ್ಕೆ ಎಲ್ಲ ವಾಪಸ್. ಈ ವಾರ ಮೂರು ಸಲ ಆಯ್ತು. ಕಕ್ಕಿದ್ದನ್ನೇ ಮತ್ತೆ ತಿನ್ನಲು ಹೋಗುತ್ತಾನೆ, ಥೂ. ಇಲ್ಲೇ ಯಾರೋ ಹೇಳಿದರು ಅಂತ 650 ರೂಪಾಯಿ ಕೊಟ್ಟು ಸ್ಲೋ ಫೀಡರ್ ಬೌಲ್ ತರಿಸಿದೆ, ನಾಯಿ ನಿಧಾನವಾಗಿ ತಿನ್ನಲಿ ಅಂತ ಒಳಗೆ ಗೋಡೆ, ಸಂದಿ ಇರುವ ಬಟ್ಟಲು. ಒಂದು ಪೈಸೆ ಪ್ರಯೋಜನ ಇಲ್ಲ. ಊಟ ಸಂದಿಯೊಳಗೆ ಇಳಿಯುವುದೇ ಇಲ್ಲ, ಮೇಲಿಂದಲೇ ಎತ್ತಿಕೊಳ್ಳುತ್ತಾನೆ. ಬೌಲ್ ಮತ್ತು ಟೈಗರ್ ಫೋಟೋ ಹಾಕಿದ್ದೇನೆ. ದಯವಿಟ್ಟು "ಕೈಯಲ್ಲಿ ತಿನ್ನಿಸಿ" ಅನ್ನಬೇಡಿ, ನಾನು ಬೆಳಿಗ್ಗೆ ಆರೂವರೆ ಬಸ್ ಹಿಡಿಯಬೇಕು.

ಹಾಸನದ_ಜಿಎಸ್‌ಡಿ:
ಜಂತುಹುಳ. ಬೇರೆ ಏನೂ ಅಲ್ಲ. ಮೊದಲು ಮಾತ್ರೆ ಹಾಕಿ, ಆಮೇಲೆ ಬೌಲ್ ಮಾತು.

ತ್ರೀಡಿ_ತೇಜಸ್:
ಗುರು, ಬೌಲ್ ಸುರುಳಿ ಮಾದರಿಯದಾ, ಇಲ್ಲಾ ಗುಬಟು ಇರುವುದಾ? ಗೋಡೆ ಎಷ್ಟು ಎತ್ತರ? ಆನ್‌ಲೈನ್‌ನಲ್ಲಿ ಸಿಗುವುದು ಬಹಳಷ್ಟು ಚಿಕ್ಕ ನಾಯಿಗೆ, ಲ್ಯಾಬ್ ಮೂತಿಗೆ ಅದು ಲೆಕ್ಕಕ್ಕೇ ಇಲ್ಲ. ನಾನು ಮನೆಯಲ್ಲೇ ತ್ರೀಡಿ ಪ್ರಿಂಟರ್‌ನಲ್ಲಿ ಬೌಲ್ ಪ್ರಿಂಟ್ ಮಾಡಿದ್ದೇನೆ, 4 ಸೆಂಟಿಮೀಟರ್ ಗೋಡೆ, ಹಂಪಿಯ ಕಲ್ಲಿನ ರಥದ ಚಕ್ರದ ಡಿಸೈನ್. ನಮ್ಮ ರಾಣಿಗೆ ಪೂರ್ತಿ 9 ನಿಮಿಷ ಬೇಕು. ನಿಮ್ಮ ಡ್ರೈ ಫುಡ್ ಕಾಳಿನ ಸೈಜ್ ಹೇಳಿ, ಅದಕ್ಕೆ ತಕ್ಕ ಫೈಲ್ ಕಳಿಸುತ್ತೇನೆ.

ಮಂಡ್ಯ_ಮಂಜ:
ಬೌಲ್ ಸುರುಳಿಯದು. ಹುಳದ ಮಾತ್ರೆ ಹೋದ ತಿಂಗಳೇ ಕೊಟ್ಟಿದ್ದೇನೆ.

ಹಾಸನದ_ಜಿಎಸ್‌ಡಿ:
ಎಷ್ಟು ಮಾತ್ರೆ? ನಾಯಿ ತೂಕ ಎಷ್ಟು?

ಮಂಡ್ಯ_ಮಂಜ:
ಒಂದು. 31 ಕೆ.ಜಿ.

ಹಾಸನದ_ಜಿಎಸ್‌ಡಿ:
ಅಲ್ಲೇ ಇದೆ ನೋಡಿ! ಸಾಮಾನ್ಯವಾಗಿ ಸಿಗುವ ಮಾತ್ರೆ 10 ಕೆ.ಜಿ.ಗೆ ಒಂದು. ನೀವು ಮೂರರಲ್ಲಿ ಒಂದು ಪಾಲು ಕೊಟ್ಟು ಹುಳಕ್ಕೆ ಉಪಚಾರ ಮಾಡಿದ್ದೀರಿ. ನಾನು ಮೊದಲ ಸಾಲಿನಲ್ಲೇ ಹೇಳಿದೆ. 15 ವರ್ಷದಿಂದ ಜರ್ಮನ್ ಶೆಫರ್ಡ್ ಸಾಕುತ್ತಿದ್ದೇನೆ, ಸುಮ್ನೆ ಹೇಳುವುದಿಲ್ಲ. ಇನ್ನೊಂದು, ಬೇಸಿನ್ ನೆಲದ ಮೇಲೆ ಇಡಬೇಡಿ. ಸ್ಟ್ಯಾಂಡ್ ಮೇಲೆ ಎತ್ತರದಲ್ಲಿ ಇಡಿ, ಗಾಳಿ ಕಡಿಮೆ ಹೋಗುತ್ತದೆ. ನಮ್ಮ ಮನೆಯಲ್ಲಿ ತೇಗದ ಸ್ಟ್ಯಾಂಡ್ ಮಾಡಿಸಿದ್ದೇನೆ, ಎರಡು ಬೇಸಿನ್ ಕೂರುತ್ತದೆ.

ಪೂರ್ಣಿಮಾ_ಮೈಸೂರು:
ಸ್ಟ್ಯಾಂಡ್ ಬಗ್ಗೆ ಸ್ವಲ್ಪ ತಡೆಯಿರಿ ಸರ್. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೊಡ್ಡ ತಳಿಗಳಿಗೆ ಎತ್ತರದ ಬಟ್ಟಲಿನಿಂದ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಜಾಸ್ತಿ ಅಂತಲೇ ಬಂದಿತ್ತು.

ಮಂಜ ಅವರೇ, ಲ್ಯಾಬ್‌ಗಳ ಹೊಟ್ಟೆಬಾಕತನ ಪೂರ್ತಿ ಅವುಗಳ ತಪ್ಪಲ್ಲ. ಕೇಂಬ್ರಿಡ್ಜ್‌ನವರು 2016ರಲ್ಲಿ ತೋರಿಸಿದ್ದಾರೆ, ಸುಮಾರು ಕಾಲು ಭಾಗ ಲ್ಯಾಬ್‌ಗಳಲ್ಲಿ ಪಿಒಎಂಸಿ ಅನ್ನುವ ಜೀನ್‌ನ ಒಂದು ಚೂರು ಇಲ್ಲ, ಅಂಥವಕ್ಕೆ ಊಟದ ಆಸೆ ಇನ್ನೂ ಹೆಚ್ಚು. ಅದಿರಲಿ, ನನಗೆ ಬೇಕಾದ್ದು ಬೇರೆ. ಕಕ್ಕುವಾಗ ಹೊಟ್ಟೆ ಹಿಂಡಿಕೊಂಡು ವಾಂತಿ ಮಾಡುತ್ತಾನಾ, ಇಲ್ಲಾ ತಲೆ ಬಗ್ಗಿಸಿದ ತಕ್ಷಣ ಹಾಗೇ ಜಾರಿ ಬೀಳುತ್ತದಾ? ಎರಡೂ ಬೇರೆ ಬೇರೆ.

ಹಾಸನದ_ಜಿಎಸ್‌ಡಿ:
ಅಮೆರಿಕದ ನಾಯಿ ಬೇರೆ, ನಮ್ಮ ನಾಯಿ ಬೇರೆ ಮೇಡಂ. ನನ್ನ ಮೂರು ತಲೆಮಾರು ಶೆಫರ್ಡ್ ಸ್ಟ್ಯಾಂಡ್ ಮೇಲೇ ಉಂಡಿವೆ.

ತ್ರೀಡಿ_ತೇಜಸ್:
ಕಾಳಿನ ಸೈಜ್ ಇನ್ನೂ ಬಂದಿಲ್ಲ.

ಸ್ಟೀಲ್_ಸುಬ್ಬಣ್ಣ:
ಪ್ರಿಂಟ್ ಮಾಡಿದ ಬೌಲ್‌ನಲ್ಲಿ ನಾಯಿಗೆ ಊಟ ಹಾಕುವವರಿಗೆ ಒಂದು ಮಾತು. ಪದರದ ನಡುವಿನ ಗೆರೆಯಲ್ಲಿ ಜಿಡ್ಡು ಕೂರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ, ಬಿಸಿನೀರು ಹಾಕಿದರೆ ಬೌಲೇ ಸೊಟ್ಟಗಾಗುತ್ತದೆ. ಸ್ಟೀಲ್ ಬೇಸಿನ್, ಒಳಗೆ ಒಂದು ಗುಂಡುಕಲ್ಲು. ಕಲ್ಲು ನಾಯಿ ಬಾಯಿಗೆ ಹಿಡಿಯದಷ್ಟು ದೊಡ್ಡದಿರಬೇಕು, ಅಷ್ಟೇ. ಖರ್ಚು ಸೊನ್ನೆ.

ತ್ರೀಡಿ_ತೇಜಸ್:
ಅಣ್ಣ, ನಾನು ಒಳಗೆ ಆಹಾರಕ್ಕೆ ಆಗುವ ಎಪಾಕ್ಸಿ ಕೋಟಿಂಗ್ ಕೊಟ್ಟಿದ್ದೇನೆ. ನೋಡದೆ ಮಾತಾಡಬೇಡಿ.

ಮುಧೋಳ_ಮಾಂತೇಶ:
ನಮ್ಮ ಮುಧೋಳ ನಾಯಿಗೆ ಈ ಸಮಸ್ಯೆನೇ ಇಲ್ಲರೀ. ಅರ್ಧ ತಿಂದು ಎದ್ದು ಹೋಗುತ್ತದೆ, ಬೇಕಾದಾಗ ಬಂದು ತಿನ್ನುತ್ತದೆ, ರಾಜಮನೆತನದ ಗತ್ತು. 2005ರಲ್ಲಿ ಅಂಚೆಚೀಟಿ ಮೇಲೆ ಬಂದ ತಳಿ. ತಿಮ್ಮಾಪುರದ ನಾಯಿ ಸಂಶೋಧನಾ ಕೇಂದ್ರದಿಂದ ತಂದಿದ್ದು ನಮ್ಮದು. ಹೊಲದಲ್ಲಿ ಬಿಟ್ಟರೆ ಮೊಲ ಇರಲಿ, ಬೈಕೂ ಹಿಂದೆ ಬೀಳುತ್ತದೆ. ಫೋಟೋ ಹಾಕಲಾ?

ಮಂಡ್ಯ_ಮಂಜ:
ನಾನು ಕೇಳಿದ್ದೇನು, ನೀವು ಮಾತಾಡುತ್ತಿರುವುದೇನು! ಇವತ್ತು ಬೆಳಿಗ್ಗೆ ಮತ್ತೆ ಆಯ್ತು. ಪೂರ್ಣಿಮಾ ಮೇಡಂ, ಹೊಟ್ಟೆ ಹಿಂಡುವುದೇನೂ ಇಲ್ಲ. ತಲೆ ಬಗ್ಗಿಸಿದ, ಬಾಯಿ ತೆರೆದ, ಮುದ್ದೆ ಇಡಿಯಾಗಿ ಕೆಳಗೆ ಬಿತ್ತು. ಒಂದು ಕಡೆ ಅಮ್ಮನ ಬೆರಳಚ್ಚು ಕೂಡ ಹಾಗೇ ಇತ್ತು. ಏನು ಹೇಳಲಿ.

ತ್ರೀಡಿ_ತೇಜಸ್:
ಮುದ್ದೆನಾ???

ಪೂರ್ಣಿಮಾ_ಮೈಸೂರು:
ಮುದ್ದೆ ಹಾಕುತ್ತಿದ್ದೀರಾ? ಇಷ್ಟು ಹೊತ್ತು ನಾವೆಲ್ಲ ಡ್ರೈ ಫುಡ್ ಅಂದುಕೊಂಡು ಮಾತಾಡುತ್ತಿದ್ದೆವಲ್ಲ!

ಮಂಡ್ಯ_ಮಂಜ:
ಮಂಡ್ಯ ಅಂತ ಹೆಸರಲ್ಲೇ ಇದೆಯಲ್ಲ, ಇನ್ನೇನು ಹಾಕುತ್ತೇವೆ? ಬೆಳಿಗ್ಗೆ ಒಂದು ಮುದ್ದೆ, ರಾತ್ರಿ ಮೂರು, ಮೇಲೆ ಕೋಳಿ ಸಾರು.

ಸ್ಟೀಲ್_ಸುಬ್ಬಣ್ಣ:
ಅಯ್ಯೋ ಮಂಜಣ್ಣ, ಮುದ್ದೆ ನುಂಗಬೇಕು, ಅಗಿಯಬಾರದು ಅಂತ ನಾವೇ ಮಕ್ಕಳಿಗೆ ಹೇಳಿಕೊಡುತ್ತೇವೆ. ನಾಯಿ ಸರಿಯಾಗೇ ಕಲಿತಿದೆ ಬಿಡಿ.

ಪಶುವೈದ್ಯೆ_ತೀರ್ಥಹಳ್ಳಿ:
ಈಗ ಅರ್ಥವಾಯಿತು. ಮಂಜ ಅವರೇ, ನಿಮ್ಮ ಬೌಲ್ ಕೆಟ್ಟದ್ದಲ್ಲ, ಅದು ಸಣ್ಣ ಕಾಳು ಸಂದಿಗೆ ಇಳಿಯಲಿ ಅಂತ ಮಾಡಿದ್ದು. ಉಂಡೆ ಅದರ ಮೇಲೆ ಕೂರುತ್ತದೆ, ಟೈಗರ್ ಬಾಯಿಗೆ ಇನ್ನೂ ಸುಲಭ. ಹೊಟ್ಟೆ ಹಿಂಡದೆ, ಜೀರ್ಣವಾಗದ ಊಟ ಹಾಗೇ ಹೊರಗೆ ಬಂದರೆ ಅದು ವಾಂತಿಯಲ್ಲ. ಅನ್ನನಾಳದಿಂದಲೇ ವಾಪಸ್ ಬರುತ್ತಿದೆ. ಅಂಟು ಮುದ್ದೆ ಇಡಿಯಾಗಿ ನುಂಗಿದರೆ ಹೀಗಾಗಬಹುದು. ಆದರೆ ನಿಧಾನವಾಗಿ ತಿಂದ ದಿನವೂ ಕಕ್ಕಿದರೆ, ತೂಕ ಇಳಿದರೆ, ಕೆಮ್ಮು ಬಂದರೆ ಎಕ್ಸ್‌ರೇ ಬೇಕು, ಕೆಲವು ನಾಯಿಗಳಲ್ಲಿ ಅನ್ನನಾಳವೇ ಅಗಲವಾಗಿ ಊಟ ಅಲ್ಲೇ ನಿಲ್ಲುತ್ತದೆ. ಮುದ್ದೆಯನ್ನು ಉಂಡೆ ಕಟ್ಟಬೇಡಿ, ಮೆತ್ತಗೆ ಮಾಡಿ ಅಗಲವಾದ ತಟ್ಟೆಗೆ ತೆಳ್ಳಗೆ ಸವರಿ. ಒಂದೂ ಮೂರೂ ಅಂತ ಅಲ್ಲ, ಎರಡು ಹೊತ್ತಿಗೂ ಸಮ ಪಾಲು ಮಾಡಿ.

ಆಮೇಲೆ ಆ ಸಾರು. ಈರುಳ್ಳಿ ಬೆಳ್ಳುಳ್ಳಿ ಹಾಕಿದ್ದು ಬೇಡವೇ ಬೇಡ, ನಾಯಿಯ ರಕ್ತದ ಕೆಂಪು ಕಣಗಳನ್ನು ಅವು ಒಡೆಯುತ್ತವೆ. ಬೇಯಿಸಿದ ಕೋಳಿ ಮೂಳೆಯೂ ಬೇಡ, ಚೂಪಾಗಿ ಸೀಳುತ್ತದೆ. ಒಗ್ಗರಣೆಗೆ ಮುಂಚೆ ಬರೀ ಬೇಯಿಸಿದ ಕೋಳಿ, ಅದರ ನೀರು ತೆಗೆದಿಡಿ. ಬರೀ ರಾಗಿ ಸಾಲುವುದಿಲ್ಲ, ಮಾಂಸ, ಮೊಟ್ಟೆ ಎಷ್ಟು ಅಂತ ನಿಮ್ಮ ಡಾಕ್ಟರ ಹತ್ತಿರ ಕೇಳಿ.

ಒಂದನ್ನು ಮಾತ್ರ ಮರೆಯಬೇಡಿ. ಹೊಟ್ಟೆ ತಮಟೆಯ ಹಾಗೆ ಬಿಗಿದು, ವಾಂತಿ ಮಾಡಲು ಒದ್ದಾಡಿ ಏನೂ ಬಾರದೆ, ಜೊಲ್ಲು ಸುರಿಸುತ್ತಾ ನಿಂತಲ್ಲಿ ನಿಲ್ಲದೆ ಓಡಾಡಿದರೆ ಬೆಳಗಾಗಲಿ ಅಂತ ಕಾಯಬೇಡಿ. ಹೊಟ್ಟೆ ತಿರುಚಿಕೊಂಡಿರಬಹುದು, ಆಗ ಆಪರೇಷನ್ ಒಂದೇ ದಾರಿ. ನಿಮ್ಮ ಹತ್ತಿರ ಅದನ್ನು ಮಾಡುವವರು ಯಾರು ಅಂತ ಈಗಲೇ ಕೇಳಿಟ್ಟುಕೊಳ್ಳಿ.

ಹಾಸನದ_ಜಿಎಸ್‌ಡಿ:
ಹುಳದ ಬಗ್ಗೆ ಏನೂ ಹೇಳಲಿಲ್ಲ ಡಾಕ್ಟರೇ.

ಪಶುವೈದ್ಯೆ_ತೀರ್ಥಹಳ್ಳಿ:
ತೂಕಕ್ಕೆ ತಕ್ಕ ಡೋಸ್ ಕೊಡಲಿ, ನಿಮ್ಮ ಮಾತು ಸರಿ. ಆದರೆ ಬೆರಳಚ್ಚು ಸಮೇತ ಮುದ್ದೆ ಹೊರಗೆ ಬರುವುದಕ್ಕೆ ಹುಳ ಕಾರಣವಲ್ಲ.

ಮುಧೋಳ_ಮಾಂತೇಶ:
ಅದಕ್ಕೇ ನಮ್ಮ ಕಡೆ ನಾಯಿಗೂ ಕಟಕ ರೊಟ್ಟಿ ಹಾಕುತ್ತೇವೆ ನೋಡ್ರಿ. ಅಗಿಯದೆ ಇಳಿಯುವುದೇ ಇಲ್ಲ.

ಮಂಡ್ಯ_ಮಂಜ:
ರೊಟ್ಟಿ ವಿಷಯ ಬೇರೆ ಕಡೆ ಮಾತಾಡೋಣ ಸಾರ್. ಮುದ್ದೆ ಬಿಡುವ ಮಾತೇ ಇಲ್ಲ.

ಪೂರ್ಣಿಮಾ_ಮೈಸೂರು:
ಹಳೇ ಇಡ್ಲಿ ತಟ್ಟೆ ಇದ್ದರೆ ಗುಳಿಗಳಿಗೆ ಮುದ್ದೆ ಒತ್ತಿ ಕೊಡಿ. ಅಂಟಿಕೊಳ್ಳುತ್ತದೆ, ನೆಕ್ಕಿ ನೆಕ್ಕಿಯೇ ತೆಗೆಯಬೇಕು. ನಮ್ಮ ಬೀಗಲ್‌ಗೆ ಮೊಸರನ್ನ ಹೀಗೇ ಕೊಡುವುದು.

ಇನ್ನೊಂದು ಕೇಳಬೇಕಿತ್ತು. ನಿಮ್ಮ ಫೋಟೋದಲ್ಲಿ ಬಲಗಡೆ, ಗೇಟಿನ ಸಂದಿಯಲ್ಲಿ, ಒಂದು ಕೆಂಚು ಬಾಲ ಕಾಣುತ್ತಿದೆ. ಅದು ಯಾರದು?

ಮಂಡ್ಯ_ಮಂಜ:
ಅದು ಕೆಂಚಿ. ನಮ್ಮದಲ್ಲ, ಬೀದಿ ನಾಯಿ. ಮೂರು ತಿಂಗಳಿಂದ ಊಟದ ಹೊತ್ತಿಗೆ ಸರಿಯಾಗಿ ಬಂದು ಕೂರುತ್ತಾಳೆ. ಟೈಗರ್ ಉಂಡ ಮೇಲೆ ಅವಳಿಗೂ ಒಂದು ಮುದ್ದೆ.

ಪೂರ್ಣಿಮಾ_ಮೈಸೂರು:
ಅಪ್ಪಾ ದೇವರೇ! ಪಕ್ಕದಲ್ಲಿ ಇನ್ನೊಂದು ನಾಯಿ ಕಾಯುತ್ತಾ ಕೂತಿದ್ದರೆ ಯಾವ ನಾಯಿ ನಿಧಾನವಾಗಿ ತಿನ್ನುತ್ತದೆ? ಈ ನುಂಗಾಟ ಶುರುವಾಗಿದ್ದು ಯಾವಾಗ?

ಮಂಡ್ಯ_ಮಂಜ:
…ಸುಮಾರು ಮೂರು ತಿಂಗಳಾಯ್ತು.

ಮಂಡ್ಯ_ಮಂಜ: (11 ದಿನಗಳ ನಂತರ)
ಅಪ್‌ಡೇಟ್. ಮನೆಯ ಇಡ್ಲಿ ತಟ್ಟೆ ಮುಟ್ಟಲು ಅಮ್ಮ ಬಿಡಲಿಲ್ಲ, "ನಾಯಿ ನೆಕ್ಕಿದ ತಟ್ಟೆಗೆ ನಾನು ಹಿಟ್ಟು ಹುಯ್ಯಲಾ?" ಅಂದರು. ಗುಜರಿ ಅಂಗಡಿಯಲ್ಲಿ ಮೂರು ತಟ್ಟೆ ಸಿಕ್ಕವು, 120 ರೂಪಾಯಿ. ಅಂಚು ಚೂಪಿತ್ತು, ಅರದಿಂದ ಉಜ್ಜಿದೆ. ಮೊದಲ ದಿನ ಟೈಗರ್ ಒಂದೇ ಏಟಿಗೆ ಮಗುಚಿ ಹಾಕಿದ. ಇಡ್ಲಿ ತಟ್ಟೆಗೆ ನಡುವೆ ತೂತು ಇರುತ್ತದಲ್ವಾ, ಅದಕ್ಕೇ ಬೋಲ್ಟ್ ಹಾಕಿ ಮೂರನ್ನೂ ಒಂದು ಹಲಗೆಗೆ ಬಿಗಿದೆ. 12 ಗುಳಿ. ಈಗ ಮಗುಚಲು ಆಗುವುದಿಲ್ಲ. ಹಲಗೆ ಸಮೇತ ಎಳೆದುಕೊಂಡು ತುಳಸಿಕಟ್ಟೆಗೆ ಹೋಗುತ್ತಾನೆ, ಅದು ಬೇರೆ ಕಥೆ. ಕೆಂಚಿಗೆ ಮೊದಲೇ ಹಿತ್ತಲಲ್ಲಿ ಹಾಕುತ್ತೇವೆ, ಇವನಿಗೆ ಬಾಗಿಲು ಹಾಕಿ ಒಳಗೆ. ನಿನ್ನೆ ರಾತ್ರಿ 6 ನಿಮಿಷ 40 ಸೆಕೆಂಡ್.

ಇಷ್ಟು ದಿನದಲ್ಲಿ ಕಕ್ಕಿದ್ದು ಒಂದೇ ಸಲ. ಅವತ್ತು ದೊಡ್ಡಪ್ಪ ಬಂದಿದ್ದರು, ಯಾರಿಗೂ ಹೇಳದೆ ಉಂಡೆ ಕಟ್ಟಿ ಎಸೆದಿದ್ದಾರೆ, ಇವನು ಗಾಳಿಯಲ್ಲೇ ಹಿಡಿದ. ಈಗ ಡೌಟ್ ಏನೆಂದರೆ, ತಟ್ಟೆಯಾ ಕೆಂಚಿಯಾ, ಕೆಲಸ ಮಾಡಿದ್ದು ಯಾವುದು? ಒಂದು ವಾರ ತಟ್ಟೆ ಬಿಟ್ಟು ನೋಡಲಾ?

ಪೂರ್ಣಿಮಾ_ಮೈಸೂರು:
ದಯವಿಟ್ಟು ನೋಡಬೇಡಿ.

ತ್ರೀಡಿ_ತೇಜಸ್:
ಬೋಲ್ಟ್ ಐಡಿಯಾ ಸೂಪರ್ ಗುರು. ತಟ್ಟೆಯ ಅಳತೆ ಕಳಿಸಿ, ಕೆಳಗೆ ಹಾಕಲು ಜಾರದ ಬೇಸ್ ಡಿಸೈನ್ ಮಾಡುತ್ತೇನೆ.

ಪಗ್_ಪ್ರಿಯಾ:
ನಮ್ಮ ಪಗ್‌ದು ಉಲ್ಟಾ, ಮೂಗು ಚಪ್ಪಟೆ, ಗುಳಿಯೊಳಗೆ ಬಾಯಿ ಹೋಗುವುದೇ ಇಲ್ಲ. ತಿನ್ನುವಾಗ ಗೊರಗೊರ ಅನ್ನುತ್ತದೆ. ಏನು ಮಾಡಲಿ?

ಹಾಸನದ_ಜಿಎಸ್‌ಡಿ:
ಪಗ್‌ಗೆ ಹುಳದ ಮಾತ್ರೆ ಕೊಟ್ಟು ಎಷ್ಟು ದಿನ ಆಯ್ತು? ಮಂಜ, ನೀವು ಉಳಿದ ಡೋಸ್ ಕೊಟ್ಟಿರಾ ಇಲ್ವಾ, ಅದನ್ನು ಇನ್ನೂ ಹೇಳಿಲ್ಲ.