ಪೇಂಟ್ ಡಬ್ಬದ ಕಾಂಪೋಸ್ಟ್ ನಾರುತ್ತಿದೆ, ಹಾಕಿದ ಟೊಮೆಟೊ ಗಿಡ ಹಳದಿ

ತಾರಸಿಬದನೆ:
20 ಲೀಟರ್ ಪೇಂಟ್ ಡಬ್ಬಕ್ಕೆ ಸುತ್ತ ತೂತು ಕೊರೆದು, ದಿನಾ ಅರ್ಧ ಕೆಜಿಯಷ್ಟು ತರಕಾರಿ ಸಿಪ್ಪೆ, ಕಾಫಿ ಚರಟ, ಮೇಲೊಂದು ಹಿಡಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ). ಹೀಗೆ ಆರು ವಾರ. ಮಳೆ ಹಿಡಿದ ಮೇಲೆ ಕೊಳೆತ ನಾತ, ತಳದಲ್ಲಿ ಕಪ್ಪು ನೀರು, ಬೂದು ಬಣ್ಣದ ದಪ್ಪ ಹುಳ. ತಳದ ಗೊಬ್ಬರ ತೆಗೆದು ಟೊಮೆಟೊ ಕುಂಡಕ್ಕೆ ಹಾಕಿದರೆ ಕೆಳಗಿನ ಎಲೆಗಳು ಹಳದಿಯಾಗುತ್ತಿವೆ. ಹುಳಕ್ಕೆ ಔಷಧಿ ಹೊಡೆಯಬೇಕಾ?

ಹೊಂಗೆನೆರಳು:
ಔಷಧಿ ಬೇಡವೇ ಬೇಡ. ಒಳಗೆ ನೀರು ಜಾಸ್ತಿ, ಗಾಳಿ ಇಲ್ಲ. ನಾತಕ್ಕೆ ಅದೇ ಕಾರಣ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ ನೋಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಸರಿ, ಧಾರೆ ಇಳಿದರೆ ಒದ್ದೆ ಹೆಚ್ಚು.

ಈಗ ಎಲ್ಲವನ್ನೂ ಗೋಣಿಚೀಲದ ಮೇಲೆ ಸುರಿದು, ನೆರಳಲ್ಲಿ ಎರಡು ಗಂಟೆ ಹರಡಿ, ಗಂಟು ಒಡೆಯಿರಿ. ಅಷ್ಟೇ ಅಳತೆಯ ಒಣ ತರಗೆಲೆ ಪುಡಿ ಮಾಡಿ ಬೆರೆಸಿ. ಡಬ್ಬದ ತಳಕ್ಕೆ ಮೂರು ಇಂಚು ಕಡ್ಡಿ ಅಥವಾ ತೆಂಗಿನ ಸಿಪ್ಪೆ ಹಾಸಿ, ಡಬ್ಬವನ್ನು ಎರಡು ಇಟ್ಟಿಗೆ ಮೇಲಿಡಿ. ತಳಕ್ಕೂ ತೂತು ಇರಲೇಬೇಕು. ಮುಚ್ಚಳದ ಮೇಲೆ ಮಳೆ ಬೀಳದಂತೆ ಒಂದು ಶೀಟ್ ಓರೆಯಾಗಿಟ್ಟರೆ ಸಾಕು.

ಇನ್ನು ಮುಂದೆ ಒಂದು ಬಟ್ಟಲು ಹಸಿ ಸಿಪ್ಪೆಗೆ ಎರಡು ಬಟ್ಟಲು ಒಣ ಎಲೆ. ಕೊಕೊಪೀಟ್ ನೀರು ಹೀರುತ್ತೆ, ಆದರೆ ಬೇಗ ಕೊಳೆಯಲ್ಲ, ಅದೊಂದನ್ನೇ ನಂಬಬೇಡಿ. ಹೊಂಗೆ, ನುಗ್ಗೆ ಎಲೆ ಬೇಗ ಕರಗುತ್ತವೆ, ಮಾವು-ಹಲಸಿನ ಎಲೆ ನುರಿಯದೆ ಹಾಕಿದರೆ ತಿಂಗಳುಗಟ್ಟಲೆ ಹಾಗೇ ಇರುತ್ತೆ. ಮೂರು ದಿನಕ್ಕೊಮ್ಮೆ ತಳದಿಂದ ಮೇಲಕ್ಕೆ ಕೆದಕಿ. ಹುಳಿ ಮಜ್ಜಿಗೆ ಹಾಕಿ ಅಂತ ಎಲ್ಲರೂ ಹೇಳ್ತಾರೆ, ಒದ್ದೆ ಡಬ್ಬಕ್ಕೆ ಅದು ಇನ್ನಷ್ಟು ನೀರು ಅಷ್ಟೆ. ಅದರ ಬದಲು ಒಂದು ಹಿಡಿ ಹಳೆ ಗೊಬ್ಬರ ಸಾಕು.

ಕೆಂಪುಮಣ್ಣು:
ಹುಳದ ಬಗ್ಗೆ: ಬೂದು-ಕಂದು ಬಣ್ಣ, ಗೆಣ್ಣು ಗೆಣ್ಣಾಗಿ ಅರ್ಧ ಇಂಚಿಗಿಂತ ಉದ್ದ ಇದ್ದರೆ ಬ್ಲ್ಯಾಕ್ ಸೋಲ್ಜರ್ ಫ್ಲೈ (ಒಂದು ಬಗೆಯ ಕಪ್ಪು ನೊಣ) ಮರಿಹುಳ. ಸಿಪ್ಪೆ ತಿಂದು ಕೆಲಸ ಬೇಗ ಮುಗಿಸುತ್ತೆ, ಗಿಡ ಮುಟ್ಟಲ್ಲ. ಸಿಪ್ಪೆ ಕಾಣದಂತೆ ಎರಡು ಇಂಚು ಒಣ ಎಲೆ ಮುಚ್ಚಿದರೆ ಹೊಸ ಮೊಟ್ಟೆ ಕಡಿಮೆಯಾಗುತ್ತೆ.

ಎಲೆ ಹಳದಿಗೆ ಕಾರಣ ಅರೆಬೆಂದ ಗೊಬ್ಬರ. ಅದು ಕುಂಡದಲ್ಲೇ ಕೊಳೆಯುವಾಗ ಬೇರಿನ ಸುತ್ತ ಗಾಳಿ ಇರಲ್ಲ, ಒಣ ಭಾಗ ಹೆಚ್ಚಿದ್ದರೆ ಸಾರಜನಕವನ್ನೂ ಸೂಕ್ಷ್ಮಜೀವಿಗಳೇ ಹಿಡಿದಿಟ್ಟುಕೊಳ್ಳುತ್ತವೆ. ಮೇಲಿನಿಂದ ಕೆರೆದು ತೆಗೆದು ಮತ್ತೆ ಡಬ್ಬಕ್ಕೆ ಹಾಕಿ. ನೀರು ಮಿತವಾಗಿ ಕೊಡಿ.

ಡಬ್ಬ ತುಂಬಿದ ಮೇಲೆ ಹೊಸದು ಹಾಕುವುದನ್ನು ನಿಲ್ಲಿಸಿ, ಎರಡನೇ ಡಬ್ಬ ಶುರು ಮಾಡಿ. ಮೊದಲನೆಯದು ಎರಡು-ಮೂರು ತಿಂಗಳು ಮಾಗಲಿ. ಮಾಗಿದೆಯೋ ಇಲ್ಲವೋ ಅಂತ ತಿಳಿಯಲು ಒದ್ದೆ ಮಾಡಿದ ಒಂದು ಹಿಡಿಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಆಗಿದೆ, ಹುಳಿ ಅಥವಾ ಅಮೋನಿಯಾ ಘಾಟು ಬಂದರೆ ಇಲ್ಲ. ಅನುಮಾನ ಇದ್ದರೆ ಆ ಗೊಬ್ಬರದಲ್ಲೇ ಹತ್ತು ಮೆಂತ್ಯ ಕಾಳು ಹಾಕಿ. ನಾಲ್ಕೈದು ದಿನದಲ್ಲಿ ಎಂಟಾದರೂ ಮೊಳೆಯಬೇಕು.

ತಾರಸಿಬದನೆ:
ಉಳಿದ ಅನ್ನ, ಸಾಂಬಾರ್ ಹಾಕಬಹುದಾ? ಕುಂಡಕ್ಕೆ ಎಷ್ಟು ಹಾಕಬೇಕು? ಆ ಕಪ್ಪು ನೀರು?

ಕೆಂಪುಮಣ್ಣು:
ಅನ್ನ ಒಂದೆರಡು ತುತ್ತು ಸರಿ. ಸಾಂಬಾರ್, ಉಪ್ಪಿನಕಾಯಿ ಬೇಡ, ಉಪ್ಪು ಕುಂಡದಲ್ಲಿ ಸೇರುತ್ತಾ ಹೋಗುತ್ತೆ. ಹೊಸ ಕುಂಡಕ್ಕೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಜರಡಿ ಹಿಡಿದ ಗೊಬ್ಬರ, ಒಂದು ಪಾಲು ಕೊಕೊಪೀಟ್. ಬರೀ ಗೊಬ್ಬರ ತುಂಬಿದರೆ ಕುಸಿದು ಅರ್ಧ ಕುಂಡ ಖಾಲಿಯಾಗುತ್ತೆ. 12 ಇಂಚಿನ ಕುಂಡದ ಗಿಡಕ್ಕೆ ತಿಂಗಳಿಗೊಮ್ಮೆ ಎರಡು ಹಿಡಿ, ಬುಡದಿಂದ ಎರಡು ಇಂಚು ದೂರ, ಮೇಲ್ಮಣ್ಣಿನಲ್ಲಿ ಕೆದಕಿ ಸೇರಿಸಿ.

ನಾರುವ ನೀರನ್ನು ಕುಂಡಕ್ಕೆ ಕೊಡಬೇಡಿ, ಚೆಲ್ಲಿ. ನಾತ ಹೋದ ಮೇಲೆ ಬರುವ ರಸಕ್ಕೆ ಹತ್ತು ಪಟ್ಟು ನೀರು ಬೆರೆಸಿ ಬದನೆ, ಬೆಂಡೆಯ ಬುಡಕ್ಕೆ ಹಾಕಬಹುದು. ಸೊಪ್ಪಿನ ಮಡಿಗೆ ಅದೂ ಬೇಡ.