ಎರಡನೇದು ಚೆನ್ನಾಗಿ ಕೇಳಿಸ್ತಿರೋದು ಯಾಕೆ?

ಗುಂಪು: ಮನೆ ಮಂದಿ

ಅಣ್ಣ: [ಆಡಿಯೊ 1, ಹಳೇ ಸೆಟಪ್]

ಅಣ್ಣ: [ಆಡಿಯೊ 2, ಹೊಸ ಸೆಟಪ್]

ಅಣ್ಣ: ಎಲ್ಲರೂ ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಹಾಡಿರೋದು ನಿಮ್ಮ ಅತ್ತಿಗೆ. ಎರಡರಲ್ಲೂ ಅದೇ ಹಾಡು, ಅದೇ ಗಿಟಾರು. ಮೊದಲನೇದು ಹಳೇ ಡೈನಾಮಿಕ್ ಮೈಕು (ಒಳಗೆ ಕಾಯಿಲ್ ಇರೋದು), ಹಳೇ ಇಂಟರ್‌ಫೇಸು (ಮೈಕನ್ನ ಕಂಪ್ಯೂಟರಿಗೆ ಸೇರಿಸೋ ಪೆಟ್ಟಿಗೆ). ಎರಡನೇದು ಹೊಸ ಕಂಡೆನ್ಸರ್ ಮೈಕು (ಕರೆಂಟ್ ಬೇಕಾದ, ಹೆಚ್ಚು ಸೂಕ್ಷ್ಮವಾದದ್ದು), ಹೊಸ ಇಂಟರ್‌ಫೇಸು, ಸ್ಯಾಂಪಲ್ ರೇಟ್ 96 ಕಿಲೋಹರ್ಟ್ಜ್, ಅಂದ್ರೆ ದನಿಯನ್ನ ಸೆಕೆಂಡಿಗೆ 96 ಸಾವಿರ ಸಲ ಅಳೆಯೋದು. ಸಾಮಾನಿಂದ ಏನೂ ಆಗಲ್ಲ ಅಂತಿದ್ದೋರು ಈಗ ಹೇಳಿ.

ತಮ್ಮ: ಎರಡನೇದು ಬೇರೆ ಮಟ್ಟದಲ್ಲೇ ಇದೆ ಅಣ್ಣ. ನನ್ನ ಎಸ್‌ಎಂ57 ಡೈನಾಮಿಕ್ ಮೈಕು ಮಾರಿಬಿಟ್ಟು ನಾನೂ ಇದನ್ನೇ ತಗೊಳ್ತೀನಿ.

ಅಕ್ಕ: ಹಾಡಿಕೆ ಎರಡನೇದರಲ್ಲೇ ಚೆನ್ನಾಗಿದೆ. ಆದ್ರೆ ಅದರಲ್ಲಿ ಕೋಣೆ ಜಾಸ್ತಿ ಕೇಳಿಸ್ತಿದೆ ಕಣೋ. ಮೊದಲನೇದರಲ್ಲಿ ಅವಳು ಕಿವಿ ಪಕ್ಕದಲ್ಲೇ ಕೂತು ಹಾಡ್ತಿದ್ಲು.

ನಾನು: ತಮ್ಮಾ, ತಡಿ. ಈಗಲೇ ಮಾರೋಕೆ ಹೋಗಬೇಡ. ನಾನು ಎರಡೂ ಫೈಲನ್ನ ಲೌಡ್‌ನೆಸ್ ಮೀಟರಿಗೆ ಹಾಕಿ ನೋಡಿದೆ. ಮೊದಲನೇದು ಮೈನಸ್ 23 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಅನ್ನೋದರ ಅಳತೆ), ಎರಡನೇದು ಮೈನಸ್ 18.5. ಅಂದ್ರೆ ಎರಡನೇದು ನಾಲ್ಕೂವರೆ ಡೆಸಿಬೆಲ್ ಜೋರಾಗಿದೆ. ಜೋರಾಗಿರೋದು ಕಿವಿಗೆ ಬರೀ ಜೋರಾಗಿ ಕೇಳಿಸಲ್ಲ, ಚೆನ್ನಾಗಿದೆ ಅಂತಲೇ ಕೇಳಿಸುತ್ತೆ. ಸದ್ದು ಕಮ್ಮಿ ಇದ್ದಾಗ ನಮ್ಮ ಕಿವಿಗೆ ಕೆಳಗಿನ ಸ್ವರಗಳು ಸರಿಯಾಗಿ ಮುಟ್ಟಲ್ಲ. ಸದ್ದು ಏರಿದ ಹಾಗೆಲ್ಲ ಬೇಸು ತುಂಬ್ಕೊಳ್ಳುತ್ತೆ, ಮೇಲಿನ ಹೊಳಪೂ ಏರಿದ ಹಾಗಿರುತ್ತೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನ ಅಳೆದು ತೋರಿಸಿದ್ದಾರೆ. ಎರಡನೇದನ್ನ 4.5 ಡೆಸಿಬೆಲ್ ಇಳಿಸಿ ಮತ್ತೆ ಕೇಳು, ಆಮೇಲೆ ಹೇಳು.

ತಮ್ಮ: ಇಳಿಸಿ ಕೇಳಿದೆ. ವ್ಯತ್ಯಾಸ ಇನ್ನೂ ಇದೆ, ಆದ್ರೆ ಅರ್ಧಕ್ಕರ್ಧ ಹೋಯ್ತು. ಗಿಟಾರಂತೂ ಮೊದಲನೇದರಲ್ಲೇ ಚೆನ್ನಾಗಿದೆ ಅನ್ನಿಸ್ತಿದೆ ಈಗ.

ಅಣ್ಣ: ಕಂಡೆನ್ಸರ್ ಮೈಕಿಂದ ಸಿಗ್ನಲ್ ಜಾಸ್ತಿ ಬರುತ್ತೆ, ಅದಕ್ಕೇ ಜೋರು. ಅದೇ ಅಲ್ವಾ ಅದರ ಗುಣ? ಗುಣ ಕಳೆದು ಹೋಲಿಸಿದ್ರೆ ಅದೆಂಥಾ ಹೋಲಿಕೆ?

ನಾನು: ಇಲ್ಲ ಅಣ್ಣ, ಇಲ್ಲಿ ಎರಡು ವಿಷಯ ಕಲೆಸಿಹೋಗ್ತಿವೆ. ಒಂದು ಪಾಸ್ಕಲ್ ಒತ್ತಡಕ್ಕೆ ಡೈನಾಮಿಕ್ ಮೈಕು ಕೊಡೋದು ಒಂದೆರಡು ಮಿಲಿವೋಲ್ಟ್. ಕಂಡೆನ್ಸರ್ ಹತ್ತಿಪ್ಪತ್ತು ಕೊಡುತ್ತೆ. ಅದು ಬರೀ ಗಾತ್ರ. ಗೇನ್, ಅಂದ್ರೆ ಸಿಗ್ನಲ್ ಹಿಗ್ಗಿಸೋ ಗುಂಡಿ ತಿರುಗಿಸಿದ್ರೆ ಡೈನಾಮಿಕ್ಕೂ ಅಲ್ಲಿಗೆ ಮುಟ್ಟುತ್ತೆ. ಗುಣ ಕಾಣೋದು ಮೂಲದ ಸದ್ದು ತೀರಾ ಸಣ್ಣದಿದ್ದಾಗ. ಬೆರಳ ತುದಿಯಲ್ಲಿ ಮೆಲ್ಲಗೆ ಮೀಟೋ ಗಿಟಾರಿಗೆ ಡೈನಾಮಿಕ್ ಮೈಕಿಟ್ಟು 60 ಡೆಸಿಬೆಲ್ ಗೇನ್ ಕೊಟ್ರೆ ಆ ಗೇನ್ ಕೊಡೋ ಪ್ರೀಆಂಪಿನ ಸುಯ್ ಅನ್ನೋ ಸದ್ದೂ ಜೊತೆಗೇ ಬರುತ್ತೆ. ಅಲ್ಲಿ ನಿನ್ನ ಕಂಡೆನ್ಸರ್ ಗೆಲ್ಲುತ್ತೆ, ನಾನೇ ಒಪ್ತೀನಿ. ಆದ್ರೆ ಅತ್ತಿಗೆ ತುಂಬು ಕಂಠದಲ್ಲಿ ಹಾಡೋ ಹಾಡಲ್ಲಿ ಆ ತೊಂದರೆಯೇ ಇಲ್ಲ.

ಅಕ್ಕ: ನಾನು ಕೇಳಿದ್ದಕ್ಕೆ ಯಾರೂ ಉತ್ತರ ಕೊಡ್ಲಿಲ್ಲ. ಕೋಣೆ ಯಾಕೆ ಕೇಳಿಸ್ತಿದೆ?

ನಾನು: ಅಣ್ಣ, ಅತ್ತಿಗೆ ಬಾಯಿಂದ ಮೈಕು ಎಷ್ಟು ದೂರ ಇತ್ತು? ಎರಡಕ್ಕೂ ಹೇಳು.

ಅಣ್ಣ: ಹಳೇದಕ್ಕೆ ಒಂದು ಗೇಣಿಗಿಂತ ಕಮ್ಮಿ, ಹತ್ತು ಸೆಂಟಿಮೀಟರ್ ಇರಬಹುದು. ಹೊಸದು ಸೂಕ್ಷ್ಮ ಅಂತ ನಲವತ್ತರಲ್ಲಿಟ್ಟೆ.

ನಾನು: ಅಲ್ಲೇ ಇರೋದು. ದೂರ ಎರಡು ಪಟ್ಟಾದ್ರೆ ನೇರವಾಗಿ ಬರೋ ದನಿ 6 ಡೆಸಿಬೆಲ್ ಇಳಿಯುತ್ತೆ. ನಾಲ್ಕು ಪಟ್ಟಿಗೆ 12. ಗೋಡೆಗೆ ಬಡಿದು ವಾಪಸ್ ಬರೋ ಸದ್ದು ಮಾತ್ರ ಹೆಚ್ಚುಕಮ್ಮಿ ಇದ್ದಷ್ಟೇ ಇರುತ್ತೆ. ಅದಕ್ಕೇ ಅಕ್ಕನಿಗೆ ಕೋಣೆ ಕೇಳಿಸ್ತಿರೋದು. ಇನ್ನೊಂದಿದೆ. ಒಂದೇ ದಿಕ್ಕಿಂದ ಕೇಳೋ ಮೈಕಿಗೆ ಬಾಯಿ ಹತ್ತಿರ ಬಂದಷ್ಟೂ ಬೇಸು ಏರುತ್ತೆ. ಮೊದಲನೇದರಲ್ಲಿ ದನಿ ಮಂದ ಅಂತ ನಿನಗನ್ನಿಸಿದ್ರೆ ಅದಕ್ಕೆ ಮೈಕಿಗಿಂತ ಆ ಹತ್ತು ಸೆಂಟಿಮೀಟರೇ ಕಾರಣ ಇರಬಹುದು. ನೀನು ಮೈಕು ಬದಲಾಯಿಸಿದೆ, ಇಂಟರ್‌ಫೇಸ್ ಬದಲಾಯಿಸಿದೆ, ದೂರ ಬದಲಾಯಿಸಿದೆ, ಸ್ಯಾಂಪಲ್ ರೇಟ್ ಬದಲಾಯಿಸಿದೆ. ಫಲಿತಾಂಶವನ್ನ ಯಾವುದರ ಲೆಕ್ಕಕ್ಕೆ ಬರೆಯೋದು?

ಅಣ್ಣ: ಮನೆಯಲ್ಲಿ ಒಂದು ಹಾಡು ರೆಕಾರ್ಡ್ ಮಾಡೋದಕ್ಕೆ ಪ್ರಯೋಗಾಲಯದ ಕಟ್ಟುಪಾಡು ಬೇಕಾ? ಹೊಸ ಸಾಮಾನು ಬಂದಾಗ ಎಲ್ಲವನ್ನೂ ಜೋಡಿಸಿ, ಗುಂಡಿ ತಿರುಗಿಸಿ, ಏನಾಗುತ್ತೆ ಅಂತ ನೋಡೋದೇ ಸಂತೋಷ.

ತಮ್ಮ: ಆ ಮಾತಿಗೆ ನಾನು ಅಣ್ಣನ ಕಡೆ. ಹಾಗೆ ಆಡ್ತಾ ಆಡ್ತಾನೇ ಎಷ್ಟೋ ಒಳ್ಳೇ ಸೌಂಡ್ ಸಿಕ್ಕಿರೋದು.

ನಾನು: ಆಡು, ಯಾರು ಬೇಡ ಅಂದ್ರು? ಆಟ ಆಡೋವಾಗ ನಾನೂ ಏನೂ ಅಳೆಯಲ್ಲ. ಆದ್ರೆ ನೀನು ಆ ಆಟವನ್ನ ತೀರ್ಪು ಅಂತ ಇಲ್ಲಿ ಹಾಕಿದೆ, ಅದನ್ನ ಕೇಳಿ ಇವನು ಇದ್ದ ಮೈಕನ್ನ ಮಾರೋಕೆ ಹೊರಟ. ನನ್ನ ತಕರಾರು ಅಲ್ಲಿ.

ಚಿಕ್ಕಪ್ಪ: ಈಗ ನೋಡಿದೆ. 96 ಕಿಲೋಹರ್ಟ್ಜ್ ಯಾಕಪ್ಪಾ? 44.1ರ ಸ್ಯಾಂಪಲ್ ರೇಟಲ್ಲೇ 22 ಕಿಲೋಹರ್ಟ್ಜ್ ತನಕದ ಸದ್ದು ಹಿಡಿಯುತ್ತೆ. ನನ್ನ ವಯಸ್ಸಿನ ಕಿವಿ ಇರಲಿ, ನಿಮ್ಮ ಕಿವಿಗಳೂ ಅಲ್ಲಿಗೆ ಹೋಗಲ್ಲ. ಫೈಲು ಎರಡು ಪಟ್ಟು ದೊಡ್ಡದಾಯ್ತು ಅಷ್ಟೆ. ಅದಕ್ಕಿಂತ ಮುಖ್ಯ, ಎರಡನೇದರಲ್ಲಿ ಮೇಲಿನ ಸ್ವರ ಹಿಡಿದ ಜಾಗದಲ್ಲಿ ದನಿ ಒಡೆದಿದೆ. ಮತ್ತೆ ಕೇಳು.

ಅಣ್ಣ: ಮೀಟರಲ್ಲಿ ಸ್ವಲ್ಪ ಕೆಂಪು ಬಂತು ಚಿಕ್ಕಪ್ಪ. ಲೆವೆಲ್ ಚೆನ್ನಾಗಿ ತುಂಬಿಸಬೇಕು ಅಂತ ನೀವೇ ಹೇಳ್ತಿದ್ರಿ.

ಚಿಕ್ಕಪ್ಪ: ಹೇಳ್ತಿದ್ದೆ, ಅದು ಟೇಪಿನ ಮಾತು. ಟೇಪಿಗೆ ಅದರದ್ದೇ ಹಿಸ್ ಅನ್ನೋ ಸದ್ದಿತ್ತು. ಹಾಡು ಅದರ ಮೇಲೆ ಏಳಬೇಕಾದ್ರೆ ಮೀಟರಿನ ಮುಳ್ಳು ಕೆಂಪು ಮುಟ್ಟೋ ತನಕ ಕೊಡ್ತಿದ್ವಿ. ಮಿತಿ ದಾಟಿದ್ರೂ ಟೇಪು ಮೆತ್ತಗೆ ಬಗ್ಗುತ್ತಿತ್ತು. ಡಿಜಿಟಲ್‌ನಲ್ಲಿ ಮೀಟರಿನ ಸೊನ್ನೆ ಡೆಸಿಬೆಲ್ ದಾಟಿದ್ದೆಲ್ಲ ಕತ್ತರಿಸಿಹೋಗುತ್ತೆ, ಆಮೇಲೆ ವಾಪಸ್ ತರೋಕಾಗಲ್ಲ. 24 ಬಿಟ್‌ಗೆ ಲೆಕ್ಕದಲ್ಲಿ 144 ಡೆಸಿಬೆಲ್ ಜಾಗ ಇದೆ. ಜೋರಾದ ಜಾಗ ಮೈನಸ್ 12ರ ಹತ್ರ ನಿಂತ್ರೆ ಸಾಕು. ಹೆದರಿಕೆ ಬೇಡ, ಕಮ್ಮಿಯಲ್ಲೇ ಹಿಡಿ.

ಚಿಕ್ಕಪ್ಪ: ಇನ್ನೂ ಒಂದು ಮಾತು. ಆ ಕೋಣೆ ಸರಿ ಮಾಡೋ ತನಕ ಯಾವ ಮೈಕು ತಂದ್ರೂ ಅಷ್ಟೇ. ಹೊಸದನ್ನ ವಾಪಸ್ ಕೊಟ್ಟು ಕೋಣೆಗೆ ಖರ್ಚು ಮಾಡು.

ಅಣ್ಣ: ಗೋಡೆ ತುಂಬ ಫೋಮ್ ಅಂಟಿಸಿದ್ದೀನಲ್ಲ ಚಿಕ್ಕಪ್ಪ. ಇನ್ನೇನು ಮಾಡ್ಲಿ? ನಾನು ಏನು ತಂದ್ರೂ ಈ ಗುಂಪಲ್ಲಿ ವಾಪಸ್ ಕೊಡು ಅಂತಲೇ ಬರುತ್ತೆ.

ಚಿಕ್ಕಪ್ಪ: ಬೇಜಾರಾಗಬೇಡ ಮಗಾ. ತೆಳು ಫೋಮ್ ಮೇಲಿನ ಸದ್ದನ್ನಷ್ಟೇ ಕುಡಿಯುತ್ತೆ. 100 ಹರ್ಟ್ಜಿನ ಅಲೆ 3.4 ಮೀಟರ್ ಉದ್ದ. ಎರಡು ಇಂಚಿನ ಫೋಮ್ ಅದನ್ನ ಏನು ಮಾಡೀತು? ನಿನ್ನ ಕೋಣೆಯ ಉದ್ದ ಸುಮಾರು ಮೂರೂವರೆ ಮೀಟರ್ ಅಲ್ವಾ? ಆ ಅಳತೆಗೆ 50 ಹರ್ಟ್ಜ್ ಸುತ್ತ ಒಂದು ಗುಂಯ್ ನಿಲ್ಲುತ್ತೆ. ಅದರ ಮೇಲಿನವೂ ಒಂದೊಂದಾಗಿ ಬರ್ತವೆ. ಮೇಲಿನದೆಲ್ಲ ಫೋಮ್ ಕುಡಿದು ಕೆಳಗಿನದು ಹಾಗೇ ಉಳಿದ್ರೆ ಕೋಣೆ ಮಂಕಾಗುತ್ತೆ, ಗುಂಯ್ ಮಾತ್ರ ಹೋಗಲ್ಲ. ಮೂಲೆಗಳಲ್ಲಿ ದಪ್ಪ ರಾಕ್‌ವೂಲ್ (ಕಲ್ಲಿನ ನಾರು) ಹಲಗೆ, ಗೋಡೆಯಿಂದ ಸ್ವಲ್ಪ ಸಂದು ಬಿಟ್ಟು ನಿಲ್ಲಿಸು.

ತಮ್ಮ: ಮೈಕಲ್ ಜಾಕ್ಸನ್ 1982ರ ಆಲ್ಬಮ್ಮಿಗೆ ಹಾಡಿದ್ದು ಶ್ಯೂರ್ ಎಸ್‌ಎಂ7ರಲ್ಲಿ, ಅದೂ ಡೈನಾಮಿಕ್ಕೇ ಅಲ್ವಾ? ಹಾಗಾದ್ರೆ ನನ್ನ ಮೈಕು ಸಾಕು.

ಅಣ್ಣ: ಆ ಕೋಣೆ ಎಂಥದು, ಎದುರಿಗೆ ಕೂತಿದ್ದ ಬ್ರೂಸ್ ಸ್ವೀಡಿಯನ್ ಎಂಥಾ ಇಂಜಿನಿಯರ್, ಅದನ್ನೂ ಸೇರಿಸಿ ಹೇಳು. ಬರೀ ಮೈಕಿನ ಹೆಸರಿಂದ ಏನೂ ಸಾಬೀತಾಗಲ್ಲ.

ನಾನು: ಇದು ಸರಿಯಾದ ಮಾತು ಅಣ್ಣ. ನಿನ್ನ ಹೊಸ ಮೈಕಿಗೂ ಅದೇ ಅನ್ವಯಿಸುತ್ತೆ.

ಅತ್ತಿಗೆ: ಹಾಡಿದವಳನ್ನ ಯಾರೂ ಕೇಳಲೇ ಇಲ್ಲ, ನಾನೇ ಹೇಳ್ತೀನಿ. ನನಗೆ ಎರಡನೇ ಸಲ ಹಾಡೋಕೆ ನಿಜವಾಗಲೂ ಸುಲಭವಾಯ್ತು. ಮೊದಲನೇ ಸಲ ಹೆಡ್‌ಫೋನಲ್ಲಿ ನನ್ನ ದನಿ ನನ್ನ ಹಿಂದೆ ಬರ್ತಿತ್ತು. ಕಾಯ್ಕೊಂಡು ಕಾಯ್ಕೊಂಡು ಹಾಡಿದ ಹಾಗಾಗಿ ತಾಳ ಎಳೀತು. ಎರಡನೇ ಸಲ ದನಿ ನನ್ನ ಜೊತೆಗೇ ಇತ್ತು. ಉಸಿರು ಕೂಡ ಕೇಳಿಸ್ತಿತ್ತು. ಅದಕ್ಕೇ ಮೆಲ್ಲಗೆ ಹಾಡೋ ಧೈರ್ಯ ಬಂತು.

ಅಕ್ಕ: ಅದೇ! ಹಾಡಿಕೆ ಚೆನ್ನಾಗಿದೆ ಅಂತ ನಾನು ಮೊದಲೇ ಹೇಳಿದ್ದು ಅದನ್ನೇ. ಮೊದಲನೇದರಲ್ಲಿ ಪ್ರತಿ ಸಾಲಿನ ಕೊನೆಯೂ ತಡವಾಗಿದೆ.

ನಾನು: ಅತ್ತಿಗೆ, ನೀವು ಈಗ ಹೇಳಿದ್ದು ನಾವೆಲ್ಲ ಇಷ್ಟು ಹೊತ್ತು ಆಡಿದ್ದಕ್ಕಿಂತ ದೊಡ್ಡದು. ಅಣ್ಣ, ಹಳೇ ಇಂಟರ್‌ಫೇಸಲ್ಲಿ ಬಫರ್, ಅಂದ್ರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಹಾಕೋ ಸ್ಯಾಂಪಲ್, ಎಷ್ಟಿತ್ತು?

ಅಣ್ಣ: 1024. ಕಮ್ಮಿ ಮಾಡಿದ್ರೆ ಕಂಪ್ಯೂಟರ್ ಪಟಪಟ ಅಂತಿತ್ತು. ಹೊಸದರಲ್ಲಿ ಡೈರೆಕ್ಟ್ ಮಾನಿಟರ್ ಗುಂಡಿ ಇದೆ, ಅದನ್ನ ಒತ್ತಿದೆ.

ನಾನು: 48 ಕಿಲೋಹರ್ಟ್ಜಲ್ಲಿ 1024 ಸ್ಯಾಂಪಲ್ ಅಂದ್ರೆ 21 ಮಿಲಿಸೆಕೆಂಡ್. ದನಿ ಕಂಪ್ಯೂಟರ್ ಒಳಗೆ ಹೋಗೋಕೆ ಒಂದು ಸಲ, ಹೊರಗೆ ಬರೋಕೆ ಇನ್ನೊಂದು ಸಲ. ಎರಡೂ ಸೇರಿ 40 ದಾಟುತ್ತೆ. ಗಾಳಿಯಲ್ಲಿ ಸದ್ದು ಅಷ್ಟು ಹೊತ್ತಲ್ಲಿ ಹದಿನಾಲ್ಕು ಮೀಟರ್ ಹೋಗುತ್ತೆ. ಅಂದ್ರೆ ಅತ್ತಿಗೆ ತಮ್ಮ ದನಿಯನ್ನ ಹದಿನಾಲ್ಕು ಮೀಟರ್ ಆಚೆ ನಿಂತು ಕೇಳಿಸ್ಕೊಂಡು ಹಾಡಿದ ಹಾಗೆ. ಯಾರಿಗಾದ್ರೂ ತಾಳ ಎಳೆಯುತ್ತೆ. ಡೈರೆಕ್ಟ್ ಮಾನಿಟರ್ ಒತ್ತಿದಾಗ ದನಿ ಕಂಪ್ಯೂಟರಿಗೆ ಹೋಗಿ ಬರೋ ತನಕ ಕಾಯಲ್ಲ, ಇಂಟರ್‌ಫೇಸಿಂದಲೇ ಹೆಡ್‌ಫೋನಿಗೆ ಬಂದುಬಿಡುತ್ತೆ. ಎರಡನೇ ರೆಕಾರ್ಡಿಂಗಿನ ಜೀವ ಇರೋದು ಆ ಗುಂಡಿಯಲ್ಲಿ ಅಂತ ನನ್ನ ನಂಬಿಕೆ.

ತಮ್ಮ: ಅಣ್ಣನ ಹಳೇ ಇಂಟರ್‌ಫೇಸೇ ನನ್ನ ಹತ್ರಾನೂ ಇರೋದು. ಅದರಲ್ಲೂ ಡೈರೆಕ್ಟ್ ಮಾನಿಟರ್ ಸ್ವಿಚ್ ಇದೆಯಲ್ಲ, ಮುಂದುಗಡೆ, ಹೆಡ್‌ಫೋನ್ ತೂತಿನ ಪಕ್ಕ.

ಅಣ್ಣ: ಇದೆ. ಆನ್ ಮಾಡಿದ್ರೆ ದನಿ ಎರಡೆರಡು ಸಲ ಕೇಳಿಸ್ತಿತ್ತು, ಅದಕ್ಕೇ ಆಫ್ ಮಾಡಿದ್ದೆ.

ತಮ್ಮ: ಸಾಫ್ಟ್‌ವೇರಲ್ಲಿ ಆ ಟ್ರ್ಯಾಕಿನ ಮಾನಿಟರಿಂಗ್ ಆಫ್ ಮಾಡಬೇಕು ಅಣ್ಣ. ಆಗ ಒಂದೇ ಸಲ ಬರುತ್ತೆ. ನಾನು ಯಾವಾಗಲೂ ಹಾಗೇ ಮಾಡೋದು. ಆದ್ರೆ ಸಾಫ್ಟ್‌ವೇರಲ್ಲಿ ರಿವರ್ಬ್ (ದನಿಗೆ ಸೇರಿಸೋ ಗುಂಗು) ಹಾಕಿದ್ರೆ ಅದು ಕಿವಿಗೆ ಬರಲ್ಲ, ಒಣ ದನಿಯಲ್ಲೇ ಹಾಡಬೇಕು.

ಅತ್ತಿಗೆ: ರಿವರ್ಬ್ ಇಲ್ಲದಿದ್ರೂ ಪರವಾಗಿಲ್ಲಪ್ಪ, ದನಿ ತಡವಾಗಿ ಬರೋದೊಂದು ಬೇಡ.

ಅಣ್ಣ: ಹಾಗಾದ್ರೆ ಸಾಮಾನು ಹಾಡಿಕೆಯನ್ನ ಬದಲಾಯಿಸ್ತು ಅಂತಾಯ್ತಲ್ಲ. ನಾನು ಹೇಳ್ತಿದ್ದೂ ಅದನ್ನೇ. ಕೇಳೋರಿಗೆ ಬೇಕಾಗಿರೋದು ಒಳ್ಳೇ ಹಾಡು. ಅದು ಮೈಕಿಂದ ಬಂತೋ ಗುಂಡಿಯಿಂದ ಬಂತೋ ಅವರಿಗೇನು?

ನಾನು: ಕೇಳೋರಿಗೆ ಬೇಡ, ಒಪ್ಪಿದೆ. ಮುಂದಿನ ಹಾಡನ್ನೂ ಹಾಗೇ ಮಾಡಬೇಕಾದ ನಮಗೆ ಬೇಕು. ಮೈಕಿಂದ ಬಂತು ಅಂತ ನಂಬಿದ್ರೆ ನಾಳೆ ಇನ್ನೊಂದು ಮೈಕು ಹುಡುಕ್ತೀವಿ. ಬಫರ್ ಮತ್ತೆ 1024ಕ್ಕೆ ಹೋಗಿರೋದನ್ನ ಯಾರೂ ನೋಡಲ್ಲ. ಹಾಡೋರಿಗೆ ಹೆಡ್‌ಫೋನಲ್ಲಿ ಏನು ಕೇಳಿಸ್ತಿದೆ ಅನ್ನೋದನ್ನ ನಾವು ಕೊನೆಗೆ ನೋಡ್ತೀವಿ, ಒಮ್ಮೊಮ್ಮೆ ನೋಡೋದೇ ಇಲ್ಲ. ಅದನ್ನ ಮೊದಲು ಸರಿ ಮಾಡಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತೆ.

ಅಕ್ಕ: ಸಾಕು, ಈಗ ಮತ್ತೆ ರೆಕಾರ್ಡ್ ಮಾಡೋದು ಹೇಗೆ ಅಂತ ತೀರ್ಮಾನ ಮಾಡಿ.

ನಾನು: ಎರಡೂ ಮೈಕು ಒಟ್ಟಿಗೇ ಇಡು ಅಣ್ಣ. ಎರಡರ ತಲೆಯೂ ಅಕ್ಕಪಕ್ಕ, ಬಾಯಿಂದ ಒಂದೇ ದೂರ, ಇಪ್ಪತ್ತು ಸೆಂಟಿಮೀಟರ್ ಇಟ್ಕೋ. ಎರಡನ್ನೂ ಹೊಸ ಇಂಟರ್‌ಫೇಸಿಗೇ ಸಿಕ್ಕಿಸು. ಅತ್ತಿಗೆ ಒಂದೇ ಸಲ ಹಾಡಲಿ, ಎರಡು ಟ್ರ್ಯಾಕಲ್ಲಿ ಬರಲಿ. ಆಗ ಹಾಡಿಕೆಯೂ ಒಂದೇ, ಕೋಣೆಯೂ ಒಂದೇ, ಉಳಿಯೋದು ಮೈಕಿನ ವ್ಯತ್ಯಾಸ ಮಾತ್ರ. ಆ ಎರಡು ಟ್ರ್ಯಾಕನ್ನ ಕೂಡಿಸಿ ನುಡಿಸಬೇಡ, ಫೇಸ್ ಹೊಡೆದಾಡುತ್ತೆ, ಅಂದ್ರೆ ಎರಡರ ಅಲೆಗಳು ಅಲ್ಲಲ್ಲಿ ಒಂದನ್ನೊಂದು ಅಳಿಸುತ್ತವೆ.

ಅಣ್ಣ: ಕಂಡೆನ್ಸರಿಗೆ 48 ವೋಲ್ಟ್ ಕೊಡಬೇಕು. ಇದರಲ್ಲಿ ಎರಡೂ ಚಾನೆಲ್ಲಿಗೆ ಒಂದೇ ಸ್ವಿಚ್. ಡೈನಾಮಿಕ್ ಸುಟ್ಟುಹೋದ್ರೆ?

ಚಿಕ್ಕಪ್ಪ: ಸರಿಯಾದ ಎಕ್ಸ್‌ಎಲ್‌ಆರ್ ಕೇಬಲ್ ಇದ್ರೆ ಡೈನಾಮಿಕ್ಕಿಗೆ ಏನೂ ಆಗಲ್ಲ. ಎರಡು ತಂತಿಯಲ್ಲೂ ಒಂದೇ ವೋಲ್ಟೇಜು, ಕಾಯಿಲ್ಲಿಗೆ ಅದು ಗೊತ್ತೇ ಆಗಲ್ಲ. ಹುಷಾರಾಗಿರಬೇಕಾದ್ದು ಒಳಗೆ ತೆಳು ಲೋಹದ ಪಟ್ಟಿ ಇರೋ ರಿಬ್ಬನ್ ಮೈಕಿನ ವಿಷಯದಲ್ಲಿ.

ತಮ್ಮ: ಇಂಟರ್‌ಫೇಸ್ ಎರಡನ್ನ ಹೋಲಿಸೋದು ಹೇಗೆ ಹಾಗಾದ್ರೆ?

ನಾನು: ಅದು ಬೇರೆ ದಿನ. ಆಗ ಹಾಡೋರೇ ಬೇಡ. ಸ್ಪೀಕರಲ್ಲಿ ಒಂದೇ ರೆಕಾರ್ಡಿಂಗ್ ನುಡಿಸಿ, ಮೈಕನ್ನ ಒಂದು ಕೂದಲೆಳೆಯೂ ಅಲ್ಲಾಡಿಸದೆ, ಒಂದು ಸಲ ಹಳೇದಕ್ಕೆ, ಒಂದು ಸಲ ಹೊಸದಕ್ಕೆ. ಸ್ಪೀಕರ್ ಎರಡು ಸಲವೂ ಒಂದೇ ಥರ ಹಾಡುತ್ತೆ.

ಅಣ್ಣ: ಮೈಕಂತೂ ವಾಪಸ್ ಕೊಡಲ್ಲ ಚಿಕ್ಕಪ್ಪ, ಮೊದಲೇ ಹೇಳಿದ್ದೀನಿ. ಮೆಲ್ಲಗೆ ನುಡಿಸೋ ಗಿಟಾರಿಗೆ ಅದು ಬೇಕೇ ಬೇಕು. ಮೂಲೆಗೆ ರಾಕ್‌ವೂಲ್ ಮಾತ್ರ ನೋಡ್ತೀನಿ.

ಚಿಕ್ಕಪ್ಪ: ಸರಿ, ಮೈಕು ಇಟ್ಕೋ. ಮೂಲೆ ಮರೀಬೇಡ.

ಅತ್ತಿಗೆ: ಈಗಲೇ ಹಾಡ್ತೀನಿ ಬನ್ರೀ. ಗಂಟಲು ಚೆನ್ನಾಗಿದೆ.

ಅಣ್ಣ: [ಆಡಿಯೊ, ಕ]

ಅಣ್ಣ: [ಆಡಿಯೊ, ಖ]

ಅಣ್ಣ: ಎರಡೂ ಮೈಕು ಇಪ್ಪತ್ತು ಸೆಂಟಿಮೀಟರಲ್ಲಿ. ಲೌಡ್‌ನೆಸ್ ಮೈನಸ್ 20ಕ್ಕೆ ಸರಿಮಾಡಿದ್ದೀನಿ. ಪೀಕು ಮೈನಸ್ 11. ವಾಯ್ಸ್ ನೋಟ್ ಅಲ್ಲ, ಡಾಕ್ಯುಮೆಂಟ್ ಆಗಿ ಹಾಕಿದ್ದೀನಿ, ಏನೂ ಹಿಂಡಿಹೋಗಿರಲ್ಲ. ಯಾವುದು ಯಾವ ಮೈಕು ಅಂತ ಹೇಳಲ್ಲ.

ತಮ್ಮ: ನನಗೆ ಕ. ಮೇಲಿನ ಸ್ವರ ಬಿಡಿಸಿ ಕೇಳಿಸ್ತಿದೆ.

ನಾನು: ನನಗೆ ಖ. ದನಿ ಮುಂದಿದೆ, "ಸ" ಕಿವಿ ಚುಚ್ಚಲ್ಲ.

ಚಿಕ್ಕಪ್ಪ: ನಂದೂ ಖ. ಹಾಡಿಕೆ ಮಾತ್ರ ಎರಡರಲ್ಲೂ ಬಹಳ ಚೆನ್ನಾಗಿದೆಯಮ್ಮಾ, ತಾಳ ಕೂತಿದೆ.

ಅಣ್ಣ: ಉತ್ತರ ಹೇಳ್ಲಾ?

ನಾನು: ಬೇಡ, ಅಕ್ಕ ಇನ್ನೂ ಕೇಳಿಲ್ಲ.