ಬಿಸಿಯಾದರೆ ತಾಮ್ರ ಬಿರುಕು ಬಿಡುತ್ತಾ?

ಮಹೇಶ: (ಫಾರ್ವರ್ಡ್: "ಫ್ಯೂಷನ್ ರಿಯಾಕ್ಟರ್‌ನ ತಾಮ್ರ ಬಿಸಿಗೆ ಸೋಲುತ್ತದೆ")
ಎಲ್ಲರೂ ಓದಿ. ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ತೆಗೆಯುವ ಈ ರಿಯಾಕ್ಟರ್ ಒಳಗೆ 15 ಕೋಟಿ ಡಿಗ್ರಿ. ತಾಮ್ರ ಕರಗುವುದು 1085ಕ್ಕೆ. ಇಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲವಾ? ಸುಮ್ನೆ ದುಡ್ಡು ದಂಡ.

ರಾಜೀವ: ಕರಗುವ ಮಾತು ಬಿಡೋ. ನನಗೆ ಆ ಫಾರ್ವರ್ಡ್‌ನಲ್ಲಿರುವ ತಾಮ್ರದ ಗ್ರಾಫ್ ಮೇಲೇ ಅನುಮಾನ. ಬಿಸಿ ಏರಿದಂತೆ ಬಿರುಕು ತಡೆಯುವ ಶಕ್ತಿ ಇಳಿಯುತ್ತದಂತೆ! ಬಾಯ್ಲರ್ ಕೆಲಸದಲ್ಲೇ ತಲೆ ನರೆತವನು ನಾನು. ಲೋಹ ತಣ್ಣಗಿದ್ದಾಗ ಪಟ್ಟನೆ ಒಡೆಯುತ್ತದೆ, ಬಿಸಿಯಾದಾಗ ಬಾಗುತ್ತದೆ. ಚಾರ್ಪಿ ಟೆಸ್ಟ್ (ಲೋಹದ ತುಂಡನ್ನು ಸುತ್ತಿಗೆಯಿಂದ ಹೊಡೆದು ಮುರಿಯುವ ಪರೀಕ್ಷೆ) ಮಾಡಿದ ಯಾರನ್ನಾದರೂ ಕೇಳು.

ವಾಣಿ: ರಾಜೀವ, ಅದು ಬಾಯ್ಲರ್ ಉಕ್ಕಿನ ಸ್ವಭಾವ ಕಣೋ. ತಾಮ್ರಕ್ಕೆ ಆ ಕಾಯಿಲೆಯೇ ಇಲ್ಲ. ದ್ರವ ಸಾರಜನಕದಲ್ಲಿ ಅದ್ದಿ ಹೊಡೆದರೂ ಅದು ಪಟ್ಟನೆ ಒಡೆಯುವುದಿಲ್ಲ. ಅದರ ಪರಮಾಣುಗಳ ಜೋಡಣೆಯೇ ಬೇರೆ. ಹಾಗಾಗಿ ಬಿಸಿ ಮಾಡಿದಾಗ ಉಕ್ಕಿಗೆ ಆಗುವ ಲಾಭ ಇದಕ್ಕೆ ಇಲ್ಲ.

ಮಹೇಶ, ಪ್ಲಾಸ್ಮಾ, ಅಂದರೆ ಆ 15 ಕೋಟಿ ಡಿಗ್ರಿಯ ಅನಿಲ, ತಾಮ್ರವನ್ನು ಮುಟ್ಟುವುದೇ ಇಲ್ಲ. ಫ್ರಾನ್ಸ್‌ನಲ್ಲಿ ಕಟ್ಟುತ್ತಿರುವ ಐಟಿಇಆರ್ ಅನ್ನುವ ಫ್ಯೂಷನ್ ರಿಯಾಕ್ಟರ್‌ನ ಡೈವರ್ಟರ್‌ನಲ್ಲಿ (ಪ್ಲಾಸ್ಮಾದ ಶಾಖ, ಕಸ ಹೊರಗೆ ಹೋಗುವ ಕೆಳಭಾಗ) ಪ್ಲಾಸ್ಮಾದ ಎದುರಿಗೆ ಟಂಗ್‌ಸ್ಟನ್ ಇದೆ. ಅದರ ಹೊಟ್ಟೆಯೊಳಗೆ ತಾಮ್ರ-ಕ್ರೋಮಿಯಂ-ಜಿರ್ಕೋನಿಯಂ ಕೊಳವೆ, ಕೊಳವೆಯೊಳಗೆ ನೀರು. ಅಲ್ಲಿ ಪ್ರತಿ ಚದರ ಮೀಟರ್‌ಗೆ 10 ಮೆಗಾವ್ಯಾಟ್ ಶಾಖ ಬೀಳುತ್ತದೆ, ಸ್ವಲ್ಪ ಹೊತ್ತು 20 ಕೂಡ. ಕೊಳವೆಯನ್ನು ಸುಮಾರು 350 ಡಿಗ್ರಿ ದಾಟದಂತೆ ನೋಡಿಕೊಳ್ಳಬೇಕು. ಕರಗುವ ಪ್ರಶ್ನೆ ಎಲ್ಲಿ ಬಂತು?

ಮಹೇಶ: 350ಕ್ಕೇ ಏನು ತೊಂದರೆ ಹಾಗಾದರೆ? 1085 ಇನ್ನೂ ಎಷ್ಟೋ ದೂರ ಇದೆಯಲ್ಲ.

ವಾಣಿ: ಈ ಮಿಶ್ರಲೋಹದಲ್ಲಿ ಕ್ರೋಮಿಯಂ ಶೇ 1ಕ್ಕಿಂತ ಕಡಿಮೆ, ಜಿರ್ಕೋನಿಯಂ ಅದಕ್ಕಿಂತ ಕಡಿಮೆ. ಸುಮಾರು 475 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟಾಗ ಒಳಗೆ ಕೆಲವೇ ನ್ಯಾನೋಮೀಟರ್‌ನ ಕಣಗಳು ಹುಟ್ಟುತ್ತವೆ. ಗಟ್ಟಿತನ ಬರುವುದು ಅವುಗಳಿಂದಲೇ. ಬಿಸಿ ಜಾಸ್ತಿಯಾಗಿ ಬಹಳ ದಿನ ಹಾಗೇ ಇದ್ದರೆ ಕಣಗಳು ದಪ್ಪವಾಗುತ್ತವೆ, ಲೋಹ ಮೆತ್ತಗಾಗುತ್ತದೆ. ಜೊತೆಗೆ ಕ್ರೀಪ್, ಅಂದರೆ ಭಾರದಡಿ ನಿಧಾನವಾಗಿ ಆಕಾರ ಕೆಡುವುದು, ಶುರುವಾಗುತ್ತದೆ.

ರಾಜೀವ: ಮೆತ್ತಗಾದರೆ ಬಿರುಕು ಮುಂದೆ ಹೋಗುವುದು ಕಷ್ಟ ಅಲ್ವಾ?

ವಾಣಿ: ಇಲ್ಲೇ ಎಲ್ಲರೂ ಎಡವುವುದು. ಬಿರುಕಿನ ತುದಿಯಲ್ಲಿ ಲೋಹ ಎಷ್ಟು ಶಕ್ತಿ ನುಂಗುತ್ತದೆ ಅನ್ನುವುದು ಲೆಕ್ಕ. ಅದಕ್ಕೆ ಎಳೆದಾಗ ಹಿಗ್ಗುವ ಗುಣವೂ ಬೇಕು, ಹಿಗ್ಗುತ್ತಾ ಹೋದಂತೆ ಗಟ್ಟಿಯಾಗುವ ಗುಣವೂ ಬೇಕು. ಬಿಸಿಯಲ್ಲಿ ಎರಡನೆಯದು ಕಡಿಮೆಯಾಗುತ್ತದೆ. ಎಳೆತವೆಲ್ಲ ಒಂದೇ ಕಡೆ ಸೇರಿಕೊಳ್ಳುತ್ತದೆ.

ಅಲ್ಯುಮಿನಾ ಕಣ ಬೆರೆಸಿದ ಗ್ಲಿಡ್‌ಕಾಪ್ ಅಂತ ಇನ್ನೊಂದು ತಾಮ್ರ ಇದೆ. ಗಟ್ಟಿತನದಲ್ಲಿ ಬಿಸಿಗೆ ಬಗ್ಗದ ಆಸಾಮಿ. ಆದರೆ 250 ಡಿಗ್ರಿ ಹೊತ್ತಿಗೆ ಅದರ ಫ್ರಾಕ್ಚರ್ ಟಫ್‌ನೆಸ್ (ಬಿರುಕು ತಡೆಯುವ ಶಕ್ತಿ) ಪಾತಾಳಕ್ಕೆ ಇಳಿಯುತ್ತದೆ. ಕ್ರೋಮಿಯಂ-ಜಿರ್ಕೋನಿಯಂ ತಾಮ್ರದ್ದೂ ಇಳಿಯುತ್ತದೆ, ಅಷ್ಟಲ್ಲ. ಇದನ್ನೇ ಆರಿಸಿಕೊಳ್ಳಲು ಅದೂ ಒಂದು ಕಾರಣ.

ಸುಧಾ: ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳಿಗಿಂತ ಈ ಜಗಳ ಎಷ್ಟೋ ವಾಸಿ. ಮುಂದುವರಿಸಿ.

ರಾಜೀವ: ಒಂದು ಪ್ರಶ್ನೆ. ಟೆಸ್ಟ್ ಮಾಡಿದ್ದು ಗಾಳಿಯಲ್ಲಾ, ನಿರ್ವಾತದಲ್ಲಾ?

ವಾಣಿ: ಕೇಳಬೇಕಾದ್ದನ್ನೇ ಕೇಳಿದೆ! ಬಿಸಿ ತಾಮ್ರದಲ್ಲಿ ಗಾಳಿಯ ಆಮ್ಲಜನಕ ಗ್ರೇನ್ ಬೌಂಡರಿ (ಲೋಹದೊಳಗಿನ ಹರಳುಗಳ ನಡುವಿನ ಗಡಿ) ಹಿಡಿದು ಒಳಗಿಳಿದು ಬಿರುಕಿಗೆ ದಾರಿ ಮಾಡಿಕೊಡುತ್ತದೆ. ನಿಧಾನವಾಗಿ ಎಳೆದಷ್ಟೂ ಕೆಟ್ಟದ್ದು. ರಿಯಾಕ್ಟರ್‌ನಲ್ಲಿ ಕೊಳವೆಯ ಹೊರಗೆ ನಿರ್ವಾತ, ಒಳಗೆ ನೀರು. ಗಾಳಿ ಎಲ್ಲೂ ಇಲ್ಲ. ಯಾವುದರಲ್ಲಿ ಟೆಸ್ಟ್ ಮಾಡಿದರು ಅಂತ ಹೇಳದ ಗ್ರಾಫನ್ನು ನಾನೂ ನಂಬುವುದಿಲ್ಲ.

ಮಹೇಶ: ಸರಿ, ತಣ್ಣೀರು ಜೋರಾಗಿ ಹರಿಸಿ ಇನ್ನೂ ತಂಪಾಗಿಟ್ಟರೆ ಆಯ್ತಲ್ಲ?

ವಾಣಿ: ಆಗಲ್ಲ. ಫ್ಯೂಷನ್‌ನಿಂದ ಚಿಮ್ಮುವ, 14 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ನ್ಯೂಟ್ರಾನ್‌ಗಳು ಹೊಡೆಯುತ್ತಿರುತ್ತವೆ. ಸುಮಾರು 150 ಡಿಗ್ರಿಗಿಂತ ಕೆಳಗೆ ಆ ಪೆಟ್ಟಿನ ಗಾಯ ಮಾಯುವುದಿಲ್ಲ. ಲೋಹ ಗಟ್ಟಿಯಾಗಿ ಸಮನಾಗಿ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಐಟಿಇಆರ್ ಡೈವರ್ಟರ್‌ಗೆ ನೀರು ಬರುವುದು 70 ಡಿಗ್ರಿಯಲ್ಲಿ. ಐಟಿಇಆರ್ ನಂತರದ ಹೆಜ್ಜೆಯಾದ ಯುರೋಪ್‌ನ ಡೆಮೊ ರಿಯಾಕ್ಟರ್‌ನ ವಿನ್ಯಾಸಗಳಲ್ಲಿ ಅದಕ್ಕಿಂತ ಬಿಸಿಯಾದ ನೀರನ್ನೇ ಯೋಚಿಸಿದ್ದಾರೆ, ಇದೇ ಕಾರಣಕ್ಕೆ. ಮೇಲೂ ಹೋಗುವ ಹಾಗಿಲ್ಲ, ಕೆಳಗೂ ಇಳಿಯುವ ಹಾಗಿಲ್ಲ.

ಇನ್ನೊಂದು. ಶಾಖ ಬಿದ್ದಾಗ ಕೊಳವೆಯ ಬಿಸಿ ಬದಿ ಹಿಗ್ಗಲು ಜಾಗವಿಲ್ಲದೆ ಒತ್ತಿಕೊಳ್ಳುತ್ತದೆ. ಪ್ಲಾಸ್ಮಾ ನಿಂತು ತಣ್ಣಗಾದಾಗ ಅದೇ ಜಾಗಕ್ಕೆ ಎಳೆತ ಬರುತ್ತದೆ. ಬಿರುಕು ಬಾಯಿ ಬಿಡುವುದು ಆವಾಗ. ಗ್ರಾಫ್‌ನಲ್ಲಿ ಬರೀ ಬಿಸಿ ಬದಿಯನ್ನು ನೋಡಿದರೆ ಇದು ಕಾಣಿಸುವುದೇ ಇಲ್ಲ.

ರಾಜೀವ: ಇಷ್ಟೆಲ್ಲ ರಗಳೆ ಇದ್ದರೆ ಉಕ್ಕನ್ನೇ ಹಾಕಿ ಅಂತೀನಿ ನಾನು.

ವಾಣಿ: ಲೆಕ್ಕ ಹಾಕು. 10 ಮೆಗಾವ್ಯಾಟ್ ಶಾಖ ದಾಟಬೇಕು. ಈ ತಾಮ್ರದ ಶಾಖವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 330 ವ್ಯಾಟ್, ನಿನ್ನ ಉಕ್ಕಿನದು 30. ತಾಮ್ರದಲ್ಲಿ ಪ್ರತಿ ಮಿ.ಮೀ. ದಪ್ಪಕ್ಕೆ 30 ಡಿಗ್ರಿ ವ್ಯತ್ಯಾಸ. ಉಕ್ಕಿನಲ್ಲಿ 330. ಕೊಳವೆಯ ದಪ್ಪ 1.5 ಮಿ.ಮೀ. ಉಕ್ಕಾದರೆ ಆಚೆಗೂ ಈಚೆಗೂ 500 ಡಿಗ್ರಿ ಅಂತರ!

ರಾಜೀವ: ಆಯ್ತು, ಈ ಜಾಗಕ್ಕೆ ಉಕ್ಕು ಬೇಡ. ಆದರೆ 1.5 ಮಿ.ಮೀ. ಕೊಳವೆಗೆ ದಪ್ಪ ತುಂಡಿನ ಟಫ್‌ನೆಸ್ ಅಂಕಿ ಹಾಕಿಕೊಂಡು ಬಂದರೆ ನಾನು ಸಹಿ ಹಾಕಲ್ಲ.

ವಾಣಿ: ಹಾಕಬೇಡ. ಆ ಅಂಕಿ ದಪ್ಪದ ಜೊತೆ ಬದಲಾಗುತ್ತದೆ. ಕೊಳವೆಯಷ್ಟೇ ತೆಳು ತುಂಡು, ಅದೇ ಬಿಸಿ, ನಿರ್ವಾತ, ನ್ಯೂಟ್ರಾನ್ ಪೆಟ್ಟು ತಿಂದದ್ದು. ಇಷ್ಟನ್ನೂ ಕೇಳು.